ಎಳೆ ಕೂಡಿಸುವ ಅತ್ತೆಯ ಎಡಗಣ್ಣು

ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ ಆ ದಿಂಬನ್ನು ಎಳೆದಾಗ ಮೊದಲು ಬಂದದ್ದು ವಾಸನೆ. ಹಳೇ ಬೂರುಗದ ಹತ್ತಿ, ಅದರೊಳಗೆ ಇಂಗಿಹೋದ ಹರಳೆಣ್ಣೆ, ಅದರ ಹಿಂದೆ ಎಲ್ಲೋ ಕಣ್ಣಿಗೆ ಹಾಕುವ ಔಷಧಿಯ ಘಾಟು... ಹದಿನಾರು ವರ್ಷವಾದರೂ ಪೂರ್ತಿ ಹೋಗಿಲ್ಲ. ಮಾಮೂಲಿ ದಿಂಬಲ್ಲ ಅದು. ನಡುವೆ ತೂತಿರುವ, ದೊಡ್ಡ ಉದ್ದಿನ ವಡೆಯಂಥ ದಿಂಬು. ಮುಖ ಕೆಳಗೆ ಮಾಡಿ ಮಲಗುವವರ ಮೂಗಿಗೆ ಗಾಳಿಯಾಡಲಿ ಅಂತ ನಾನೇ ಹೊಲಿದದ್ದು.

ಹೋದ ವಾರ ಡಾಕ್ಟರು ನನ್ನ ಬಲಗಣ್ಣಿನ ಚಿತ್ರ ತೋರಿಸಿ, ಒಳಗಿನ ಪದರವನ್ನು ಏನೋ ಎಳೆಯುತ್ತಿದೆ, ಇನ್ನೂ ಓಟೆ ಬಿದ್ದಿಲ್ಲ, ತಾನೇ ಬಿಟ್ಟುಕೊಂಡರೂ ಬಿಟ್ಟುಕೊಳ್ಳಬಹುದು, ಮೂರು ತಿಂಗಳು ನೋಡೋಣ ಎಂದರು. ನೋಡೋಣ ಅಂದರೆ ಅಲ್ಲಿಯವರೆಗೆ ನಾನೇನು ಮಾಡುವುದು? ಅವತ್ತಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಎದ್ದ ಕೂಡಲೇ ಎಡಗಣ್ಣು ಮುಚ್ಚಿ ಕಿಟಕಿಯ ಕಂಬಿ ನೆಟ್ಟಗಿದೆಯಾ ಎಂದು ನೋಡುತ್ತೇನೆ. ಹಲ್ಲುಜ್ಜಿ ಬಂದು ಇನ್ನೊಮ್ಮೆ. ಒಲೆಯ ಮೇಲೆ ಹಾಲಿಟ್ಟು ಇನ್ನೊಮ್ಮೆ. ಎಂದೋ ಬೇಕಾಗಬಹುದಾದ ದಿಂಬನ್ನು ಇವತ್ತೇ ಹುಡುಕಲು ಅಟ್ಟ ಹತ್ತಿದ್ದೂ ಇದೇ ಚಡಪಡಿಕೆಗೆ. ಮಗಳು ಕೆಳಗೆ ನಿಂತು ತಮಿಳಿನಲ್ಲಿ ಬೈಯುತ್ತಿದ್ದಳು. ನಾನು ದಿಂಬಿಗೆ ಮೂಗಿಟ್ಟುಕೊಂಡು ಏಣಿಯ ಮೇಲೇ ಕೂತುಬಿಟ್ಟೆ.

ಅತ್ತೆ ನೆನಪಾದಳು.

ಸಂಬಂಧದ ಅತ್ತೆ ಅಲ್ಲ. ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಪಕ್ಕದ ಮನೆಯವಳು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಬೀದಿಗೆಲ್ಲ ಅವಳು ‘ಎಳೆ ಕೂಡಿಸುವ ಅತ್ತೆ’. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ನೇಯ್ದು ಮುಗಿಯುತ್ತಾ ಬಂದಾಗ, ಹಳೆಯ ಹಾಸಿನ ಕೊನೆಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆಗಳು. ಅತ್ತೆ ಮಗ್ಗದ ಮುಂದೆ ತಲೆ ಬಗ್ಗಿಸಿ ಕೂತು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸೆದು ಮಡಚಿ ಬಿಟ್ಟರೆ ಆ ಕೂಡಿಕೆ ಎಲ್ಲಿದೆ ಅಂತ ನೇಯುವವನಿಗೂ ಸಿಗುತ್ತಿರಲಿಲ್ಲ. ಒಂದು ಮನೆಯಲ್ಲಿ ಮುಗಿಸಿ ಇನ್ನೊಂದು ಮನೆಗೆ. ಕೆಲಸವಿಲ್ಲದ ದಿನವೂ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಮಾತಿಗೆ ನಾಲ್ಕು ಮನೆ ಸುತ್ತುವವಳು. ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ. ಅವಳಿಗೆ ಅಂತ ಇದ್ದದ್ದು ಒಬ್ಬಳೇ ತಂಗಿ.

ಅವರಿಬ್ಬರದೂ ಕಂಬೈನಲ್ಲೂರು ಕಡೆಯ ಹಳ್ಳಿ. ತಾಯಿ ತೀರಿಕೊಂಡಾಗ ಅತ್ತೆಗೆ ಹದಿಮೂರು, ತಂಗಿಗೆ ಒಂದು. ಸೊಂಟದ ಮೇಲಿಟ್ಟುಕೊಂಡೇ ಸಾಕಿದಳಂತೆ. ಮದುವೆಯಾಗಿ ಸೇಲಂಗೆ ಬರುವಾಗಲೂ ತಂಗಿಯನ್ನು ಕಟ್ಟಿಕೊಂಡೇ ಬಂದಳು. ಆ ತಂಗಿಯನ್ನು ಸೇಲಂ ಪಕ್ಕದ ಏರ್ಕಾಡು ಮಲೆಯ ಕಾಫಿ ತೋಟವೊಂದರಲ್ಲಿ ಜೀಪು ಓಡಿಸುವವನಿಗೆ ಕೊಟ್ಟಿದ್ದರು. ಹತ್ತು ವರ್ಷದ ಒಬ್ಬ ಮಗಳಿದ್ದಳು. ಅತ್ತೆ ತಂಗಿಯನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ‘ಚಿಕ್ಕವಳು’ ಅಷ್ಟೇ. ಚಿಕ್ಕವಳು ಮಲೆಯಿಂದ ಇಳಿದು ಬಂದ ದಿನ ಅತ್ತೆ ಯಾರ ಮನೆಗೂ ಹೋಗುತ್ತಿರಲಿಲ್ಲ. ಅವಳು ಮನೆಯಲ್ಲಿ ಕೂರುತ್ತಿದ್ದದ್ದು ಅವತ್ತೊಂದೇ ದಿನ.

ನಾನಾಗ ಮನೆಯಲ್ಲೇ ಮಷೀನಿಟ್ಟು ರವಿಕೆ ಹೊಲಿಯುತ್ತಿದ್ದೆ. ನನ್ನ ಗಂಡನಿಗೆ ಮೆಟ್ಟೂರಿನಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಹಗಲೆಲ್ಲ ನನಗೆ ಅತ್ತೆಯೇ ಜೊತೆ. ಒಂದು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಅವಳ ಬಲಗಣ್ಣಿಗೆ ಧೂಳು ಬಿತ್ತು. ಅದನ್ನು ಸೆರಗಿನಲ್ಲಿ ಒತ್ತಿಕೊಂಡು ನನ್ನ ಕಡೆ ತಿರುಗಿದವಳು ಹಾಗೇ ಉಳಿದಳು.

"ಲೇ, ನಿನ್ ಮೂಗೆಲ್ಲೇ?"

ನಾನು ನಕ್ಕೆ.

"ತಮಾಸೆ ಅಲ್ಲ ಕಣೇ. ಕಿವಿ ಐತೆ, ಓಲೆ ಐತೆ, ಜಡೆ ಐತೆ. ಮಧ್ಯದಲ್ಲಿ ಮುಖಾನೇ ಇಲ್ಲ. ಬಾಗ್ಲು ಕಂಬ ಬೇರೆ ಬಗ್ಗೋಗೈತೆ."

ಕಣ್ಣು ಬಿಟ್ಟು ಮುಚ್ಚಿ, ಬಿಟ್ಟು ಮುಚ್ಚಿ ನೋಡಿದಳು. ಎಷ್ಟು ದಿನದಿಂದ ಹಾಗಿತ್ತೋ ಅವಳಿಗೇ ಗೊತ್ತಿಲ್ಲ. ಎರಡೂ ಕಣ್ಣು ತೆರೆದಾಗ ಬಲಗಣ್ಣು ಎಡಗಣ್ಣಿನ ಕೆಲಸವನ್ನೂ ಮಾಡಿಕೊಂಡು ಹೋಗುತ್ತಿತ್ತು. ಬೀದಿಯವರೆಲ್ಲ ಪೊರೆ ಬಂದಿದೆ, ಕನ್ನಡಕ ಹಾಕಿಕೋ ಎಂದರು. ನನಗೆ ಯಾಕೋ ಸಮಾಧಾನವಾಗಲಿಲ್ಲ. ಮರುದಿನವೇ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಅತ್ತೆಗೆ ತಮಿಳು ಬಾರದೇನಲ್ಲ. ಆದರೆ ಡಾಕ್ಟರ ಮುಂದೆ ಕೂತರೆ ಅವಳಿಗೆ ಕನ್ನಡ ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ. ಅವಳ ಬಾಯಿಯೂ ಕಿವಿಯೂ ನಾನೇ ಆದೆ.

ಕಣ್ಣಿನ ಒಳಗಿನ ಚಿತ್ರ ತೆಗೆಯುವ ಯಂತ್ರದ ಮುಂದೆ ಗಲ್ಲ ಇಟ್ಟು ಕೂರಿಸಿದರು. ಚಿತ್ರ ತೆಗೆಯುವ ಹುಡುಗಿ, "ಪಾಟ್ಟೀ, ಅಸೆಯಾಮ ಪಾರುಂಗ" ಎಂದಳು. ಅಜ್ಜಿ ಅಲುಗದೆ ನೋಡಬೇಕಂತೆ! ಅತ್ತೆಗೆ ಅದೊಂದು ಬಿಟ್ಟು ಬೇರೇನಾದರೂ ಹೇಳಿದ್ದರೆ ಮಾಡುತ್ತಿದ್ದಳು. ಆರು ಸಲ ತೆಗೆದ ಮೇಲೆ ಒಂದು ಸರಿಯಾಗಿ ಬಂತು. ಪರದೆಯ ಮೇಲೆ ಪದರಪದರವಾಗಿ ಬಣ್ಣದ ಪಟ್ಟಿಗಳು, ಮಡಿಸಿ ಅಡಕಿದ ಸೀರೆಗಳ ಅಂಚಿನಂತೆ. ನಟ್ಟನಡುವೆ ಆ ಪದರಗಳೆಲ್ಲ ಒಟ್ಟಿಗೆ ಕಿತ್ತು, ಎರಡು ದಡಗಳ ನಡುವೆ ಕಪ್ಪು ಸಂದು.

ಡಾಕ್ಟರು ತಾಳ್ಮೆಯ ಮನುಷ್ಯ. ಎಲ್ಲರ ಕಣ್ಣಿನ ಹಿಂಗೋಡೆಯಲ್ಲೂ ನಡುವೆ ಒಂದು ಸಣ್ಣ ತಗ್ಗು ಇರುತ್ತೆ, ಅಲ್ಲಿ ಪದರ ತುಂಬ ತೆಳ್ಳಗೆ ಎಂದು ಬರೆದು ತೋರಿಸಿದರು. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಸಾಸಿವೆಯಷ್ಟಿರುವ ಆ ಜಾಗದಿಂದಲೇ ಅಂತೆ. ವಯಸ್ಸಾದಂತೆ ಕಣ್ಣೊಳಗೆ ತುಂಬಿರುವ ಲೋಳೆ ಕುಗ್ಗಿ ಹಿಂಗೋಡೆಯಿಂದ ಬಿಡಿಸಿಕೊಳ್ಳುತ್ತೆ. ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಅದು ಆ ತಗ್ಗಿನಲ್ಲಿ ಬಿಡದೆ ಅಂಟಿಕೊಂಡು ಎಳೆಯುತ್ತೆ, ಎಳೆದೂ ಎಳೆದೂ ಓಟೆ ಬೀಳುತ್ತೆ. ನಾನು ಇದನ್ನೆಲ್ಲ ಕನ್ನಡಕ್ಕೆ ತರಲು ಒದ್ದಾಡುತ್ತಿದ್ದರೆ ಅತ್ತೆ ಅರ್ಧದಲ್ಲೇ ತಡೆದಳು.

"ಹಾಸು ಬಿಗಿ ಮಾಡ್ದಾಗ ತೆಳ್ಳಗಿರೋ ಎಳೇನೇ ಮೊದ್ಲು ಕಿತ್ಕೊಳ್ಳೋದು. ಇದ್ರಲ್ಲೇನೈತೆ ಅರ್ಥ ಆಗ್ದೇ ಇರೋದು? ಕಿತ್ತಿದ್ದನ್ನ ಕೂಡಿಸ್ತಾರಾ ಅಂತ ಕೇಳು."

ಕೂಡಿಸಬಹುದು ಎಂದರು. ಲೋಳೆಯನ್ನು ತೆಗೆದು, ಕಣ್ಣಿನೊಳಗೆ ಒಂದು ಥರದ ಗಾಳಿ ತುಂಬುತ್ತಾರೆ. ಗಾಳಿ ಯಾವತ್ತೂ ಮೇಲಕ್ಕೇ ಏರುವುದು. ಹಾಗಾಗಿ ಮುಖ ಕೆಳಗಿದ್ದರೆ ಅದು ಹೋಗಿ ಹಿಂಗೋಡೆಗೆ ಒತ್ತಿ ನಿಂತು, ಓಟೆಯ ದಡಗಳು ಕೂಡುತ್ತವೆ. ಏಳು ದಿನ ಮುಖ ಕೆಳಗಿರಬೇಕು, ಉಣ್ಣುವಾಗಲೂ, ಮಲಗುವಾಗಲೂ. ಗಂಟೆಗೆ ಹತ್ತು ನಿಮಿಷ ಮಾತ್ರ ಬಿಡುವು. ಇನ್ನೂ ಒಂದು ಮಾತು ಹೇಳಿದರು. ಗಾಳಿ ಕರಗಲು ಒಂದೂವರೆ ತಿಂಗಳಾದರೂ ಬೇಕು, ಅಲ್ಲಿಯವರೆಗೆ ಮಲೆ ಹತ್ತಕೂಡದು. ಎತ್ತರಕ್ಕೆ ಹೋದರೆ ಒಳಗಿನ ಗಾಳಿ ಹಿಗ್ಗಿ ಕಣ್ಣೇ ಹೋಗಬಹುದು. ಬಲಗಣ್ಣಿನ ಮಾತೂ ಬಂತು. ಅಲ್ಲಿ ಲೋಳೆ ಇನ್ನೂ ಅಂಟಿಕೊಂಡೇ ಇದೆ; ಬಿಟ್ಟರೆ ಬಿಟ್ಟಿತು, ಇಲ್ಲವಾದರೆ ಅಲ್ಲೂ ಓಟೆ ಬೀಳಬಹುದು, ಈಗಲೇ ಹೇಳಲಾಗದು.

"ನಲವತ್ತು ವರ್ಸ ತಲೆ ಬಗ್ಗಿಸ್ಕೊಂಡೇ ಕೂತಿದೀನಿ. ಇನ್ನೇಳು ದಿನ ತಾನೇ" ಎಂದು ಅತ್ತೆ ಎದ್ದುಬಿಟ್ಟಳು.

ಸೋಮವಾರ ಆಪರೇಷನ್ ಆಯಿತು. ಅವಳ ಮನೆಯ ಬೆಂಚನ್ನು ನಡುಮನೆಗೆ ಎಳೆದು, ದಿಂಬಿಟ್ಟು, ಮುಖ ಕೆಳಗೆ ಮಾಡಿ ಮಲಗಿಸಿದೆ. ಮೊದಲ ದಿನ ನಗುನಗುತ್ತಲೇ ಇದ್ದಳು. ಎರಡನೆಯ ದಿನಕ್ಕೆ ಕಾಲು ಶುರುವಾದವು. ಬೆಂಚಿನ ತುದಿಯಲ್ಲಿ ಎರಡು ಪಾದಗಳು ಒಂದನ್ನೊಂದು ಉಜ್ಜುತ್ತಾ, ಒದೆಯುತ್ತಾ, ಹಗಲೆಲ್ಲ ನಡೆಯುತ್ತಲೇ ಇದ್ದವು. ಕುತ್ತಿಗೆ ಹಿಡಿದುಕೊಂಡಿತು. ಎದ್ದುಬಿಡ್ತೀನಿ ಎನ್ನುವಳು, ನಾನು ಹೆಗಲ ಮೇಲೆ ಕೈಯಿಟ್ಟು ಒತ್ತಿ ಹಿಡಿಯುವೆ. ಕಾಫಿಯನ್ನು ಕೊಳವೆಯಲ್ಲಿ ಕುಡಿಸಿದೆ. ಅನ್ನ ಕಲಸಿ ತಟ್ಟೆಯನ್ನು ಬೆಂಚಿನ ಕೆಳಗೆ ಸ್ಟೂಲಿನ ಮೇಲಿಟ್ಟು ತುತ್ತು ಕೊಟ್ಟೆ. ಫೋನ್ ಹೊಡೆದಾಗೆಲ್ಲ ತಲೆ ಎತ್ತುತ್ತಾಳೆಂದು ಅವಳ ಫೋನನ್ನು ನಾನೇ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹೊರಗಿನದು ಅವಳಿಗೆ ಕಾಣುತ್ತಿದ್ದದ್ದು ನೆಲ, ನೆಲದ ಮೇಲೆ ಬಂದು ಹೋಗುವವರ ಪಾದ ಅಷ್ಟೇ. ಮೂರನೆಯ ದಿನಕ್ಕೆ ಬೀದಿಯವರನ್ನೆಲ್ಲ ಪಾದದಿಂದಲೇ ಗುರುತು ಹಿಡಿಯುತ್ತಿದ್ದಳು. "ಏನಮ್ಮಾ, ಕಾಲುಂಗರ ಬದಲಾಯ್ಸಿದೀಯಾ?" ಎಂದು ಕೇಳಿದರೆ ಬಂದವರು ಬೆಚ್ಚಿಬೀಳುತ್ತಿದ್ದರು.

ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ನನಗೊಂದು ಹೆಮ್ಮೆ ಬೆಳೆಯುತ್ತಿತ್ತು. ಗಂಟೆ ನೋಡಿ ಔಷಧಿ ಹಾಕುತ್ತಿದ್ದೆ, ಗಂಟೆ ನೋಡಿ ಏಳಿಸುತ್ತಿದ್ದೆ. ಆಸ್ಪತ್ರೆಯಲ್ಲಿ, ನಿಮ್ಮಂಥವರು ಜೊತೆಗಿದ್ದರೆ ಅರ್ಧ ಗೆದ್ದ ಹಾಗೆ ಎಂದು ಹೇಳಿದ್ದರು. ಆ ಕಣ್ಣು ಅತ್ತೆಯದು ಅನ್ನುವುದನ್ನು ನಾನು ಮರೆಯತೊಡಗಿದ್ದೆ. ಅದು ನಾನು ಹೊಲಿಯುತ್ತಿರುವ ಬಟ್ಟೆಯ ಹಾಗೆ, ನನ್ನ ಕೈಯಿಂದ ಕೆಡಬಾರದ ಕೆಲಸವಾಗಿಬಿಟ್ಟಿತ್ತು.

ಗುರುವಾರ ಹನ್ನೊಂದು ಗಂಟೆಯ ಹೊತ್ತಿಗೆ ಸೊಂಟದಲ್ಲಿದ್ದ ಫೋನು ಹೊಡೆಯಿತು. ಚಿಕ್ಕವಳ ಗಂಡ.

"ಪೋನ ಅತ್ಗೆ ಕೈಗೆ ಕೊಡಮ್ಮಾ. ಬೆಳಗಿನ್ ಜಾವದಿಂದ ಇವ್ಳಿಗೆ ಎದೆ ನೋವು. ಇಲ್ಲೇ ಆಸ್ಪತ್ರೇಲಿ ಮಲಗ್ಸವ್ರೆ. ಕೆಳಕ್ಕೆ ಕರ್ಕೊಂಡೋಗೋ ಸ್ಥಿತೀಲಿಲ್ಲ ಅಂತಾರೆ... ಅಕ್ಕ ಅಕ್ಕ ಅಂತಾವ್ಳೆ."

ನಾನು ಫೋನ್ ಹಿಡಿದುಕೊಂಡೇ ಬೀದಿಗೆ ನಡೆದುಬಿಟ್ಟೆ. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಅತ್ತೆಯ ಕಿವಿಗೆ ಇಟ್ಟಿದ್ದರೆ ಮುಗಿದಿತ್ತು. "ಅತ್ತೆ ಮಲಗವ್ಳೆ ಭಾವ, ಎದ್ದ ಮೇಲೆ ಹೇಳ್ತೀನಿ" ಎಂದೆ. ಆಮೇಲೆ ಕಣ್ಣಾಸ್ಪತ್ರೆಗೆ ಫೋನ್ ಮಾಡಿ, ತುಂಬ ತುರ್ತು, ಏರ್ಕಾಡಿಗೆ ಒಂದು ಸಲ ಹೋಗಿ ಬರಬಹುದಾ ಎಂದು ಕೇಳಿದೆ. "ಮಲೆಗಾ? ಕೂಡವೇ ಕೂಡಾದು" ಎಂದು ಅಲ್ಲಿನ ಹೆಂಗಸು ಬಹುತೇಕ ಕಿರುಚಿದಳು. ಖಂಡಿತಾ ಕೂಡದು, ಅರ್ಧ ದಾರಿಗೇ ಕಣ್ಣು ಹೋಗುತ್ತೆ, ಈಗ ಎದ್ದು ಕೂತರೂ ಓಟೆ ಕೂಡುವುದಿಲ್ಲ. ಅಷ್ಟು ಕೇಳಿಸಿಕೊಂಡು ನಾನು ಫೋನಿಟ್ಟೆ. ಅಕ್ಕತಂಗಿಯರು ಫೋನಿನಲ್ಲಿ ಮಾತಾಡಬಹುದಾ ಎಂದು ಕೇಳಲಿಲ್ಲ. ಕೇಳಿದ್ದರೆ ಆಗಬಹುದು ಅಂದುಬಿಡುತ್ತಿದ್ದರಲ್ಲ...

ಒಳಗೆ ಬಂದು ಸುಮ್ಮನೆ ಅತ್ತಿತ್ತ ಓಡಾಡಿದೆ. ಪಾತ್ರೆ ತೆಗೆದೆ, ಇಟ್ಟೆ. ಬೆಂಚಿನ ಕಡೆಯಿಂದ ದನಿ ಬಂತು.

"ಯಾಕೇ, ನಿನ್ ಕಾಲು ಇವತ್ತು ನಿಂತಲ್ಲಿ ನಿಲ್ತಾ ಇಲ್ಲ?"

"ರವಿಕೆ ಕೊಡೋದೈತೆ ಅತ್ತೆ. ತಡ ಆಯ್ತು."

"ಪೋನ್ ಯಾರ್ದು?"

"ರಾಂಗ್ ನಂಬರ್."

ಸಂಜೆ ನಾಲ್ಕಕ್ಕೆ ಮತ್ತೆ ಹೊಡೆಯಿತು. ನಾನು ಬೀದಿಯಲ್ಲೇ ನಿಂತು ತೆಗೆದೆ. ಅವನ ದನಿ ಸಣ್ಣದಾಗಿತ್ತು. "ಬರೋದ್ ಬ್ಯಾಡಮ್ಮಾ. ಕಣ್ಣಿನ್ ಇಸ್ಯ ನಂಗೂ ಗೊತ್ತು. ಇವ್ಳ ಕಿವಿಗೆ ಪೋನ್ ಇಡ್ತೀನಿ, ಅತ್ಗೆ ಎರಡೇ ಎರಡು ಮಾತಾಡ್ಲಿ. ಅಷ್ಟು ಸಾಕು."

ನನಗೆ ಅತ್ತೆ ಗೊತ್ತಿತ್ತು. ಆ ದನಿ ಕಿವಿಗೆ ಬಿದ್ದರೆ ಬೆಂಚು ಬಿಟ್ಟು ಏಳುತ್ತಾಳೆ, ಬೀದಿಗಿಳಿಯುತ್ತಾಳೆ, ಮೊದಲ ಬಸ್ಸು ಹತ್ತುತ್ತಾಳೆ. ನಾಲ್ಕು ದಿನದ ಒದ್ದಾಟ, ಕಣ್ಣು, ಎಲ್ಲಾ ಹೋಗುತ್ತೆ. ಇಷ್ಟು ಯೋಚಿಸಿದೆನೋ ಇಲ್ಲವೋ, ಬಾಯಿ ತಾನಾಗಿ ಹೇಳಿತು: "ಅವಳಿಗೆ ಹೇಳಿದೀನಿ ಭಾವ. ಅಳ್ತಾ ಅವ್ಳೆ. ಏಳು ದಿನ ಮಾತೂ ಆಡಬಾರ್ದು ಅಂತ ಡಾಕ್ಟ್ರು ಕಟ್ಟಪ್ಪಣೆ ಮಾಡವ್ರೆ."

"ಸರಿಮ್ಮಾ" ಎಂದ ಅವನು.

ನನ್ನ ಗಂಡ ಮೆಟ್ಟೂರಿನಿಂದ ಬಂದವನು ವಿಷಯ ಕೇಳಿ, "ತಪ್ಪು ಮಾಡ್ತಿದೀಯ, ಹೇಳ್ಬಿಡು. ಅವ್ಳ ಕಣ್ಣು, ಅವ್ಳ ತಂಗಿ" ಎಂದ. ನಾನು ಅವನ ಮೇಲೆ ರೇಗಿದೆ. ಬೆಳಿಗ್ಗೆ ಹೇಳೋಣ, ಅಷ್ಟರಲ್ಲಿ ಚಿಕ್ಕವಳಿಗೆ ಗುಣವಾಗಿರುತ್ತೆ ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಫೋನು ಬಂದಾಗ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಅವತ್ತೇ ಚಿಕ್ಕವಳನ್ನು ಮಣ್ಣು ಮಾಡಿದರು. ಅದೇ ಹೊತ್ತಿನಲ್ಲಿ ನಾನು ಇಲ್ಲಿ ಅತ್ತೆಗೆ ಮೊಸರನ್ನ ತುತ್ತು ಮಾಡಿ ಕೊಡುತ್ತಿದ್ದೆ. ಅವಳು ತುತ್ತು ನುಂಗಿ, "ಚಿಕ್ಕವ್ಳು ಈ ವಾರ ಒಂದ್ ಪೋನೂ ಮಾಡ್ಲಿಲ್ವಲ್ಲೇ" ಎಂದಳು. "ಮಲೆ ಮೇಲೆ ಟವರ್ ಸರಿ ಇಲ್ವಂತೆ ಅತ್ತೆ" ಎಂದೆ.

ಮುಂದಿನ ಸೋಮವಾರ ಆಸ್ಪತ್ರೆಗೆ ಹೋದೆವು. ಮತ್ತೆ ಗಲ್ಲ ಇಟ್ಟು ಕೂರಿಸಿದರು. ಗಾಳಿಯ ಅಡ್ಡದಿಂದ ಮಬ್ಬುಮಬ್ಬಾಗಿ ಬಂದ ಚಿತ್ರದಲ್ಲೂ ಎರಡು ದಡಗಳು ಕೂಡಿದ್ದು ಕಾಣುತ್ತಿತ್ತು. ಚಿತ್ರ ತೆಗೆಯುವ ಹುಡುಗಿ ನನ್ನ ಕೈ ಕುಲುಕಿದಳು. ಆ ಗಳಿಗೆಯಲ್ಲಿ ನಾನು ಗೆದ್ದೆ ಅಂದುಕೊಂಡೆ. ಈಗ ನೆನೆದರೆ ಮೈ ಉರಿಯುತ್ತದೆ... ಇನ್ನು ತಲೆ ಎತ್ತಬಹುದು, ಆದರೆ ಗಾಳಿ ಕರಗುವವರೆಗೆ ಮಲೆಗೆ ಹೋಗಬೇಡಿ ಎಂದು ಡಾಕ್ಟರು ಇನ್ನೊಮ್ಮೆ ಎಚ್ಚರಿಸಿದರು. ಅವತ್ತೇ ಹೇಳುತ್ತೇನೆ ಎಂದುಕೊಂಡಿದ್ದವಳು ಅದನ್ನು ಕೇಳಿ ಮತ್ತೆ ಬಾಯಿ ಮುಚ್ಚಿಕೊಂಡೆ. ಮಂಗಳವಾರ, ಬುಧವಾರ, ಗುರುವಾರ... ದಿನಾ ಬೆಳಿಗ್ಗೆ ಅವಳ ಬಾಗಿಲವರೆಗೆ ಹೋಗಿ, ಇನ್ನೇನೋ ಮಾತಾಡಿ ಬರುತ್ತಿದ್ದೆ. ಅವಳ ಫೋನು ಇನ್ನೂ ನನ್ನ ಸೊಂಟದಲ್ಲೇ ಇತ್ತು.

ಶನಿವಾರ ಚಿಕ್ಕವಳ ಗಂಡನೇ ಬಂದ. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೇಳಲು ಬಂದವನು. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪಿತ್ತು. ನಾನು ಅತ್ತೆಯ ಮನೆಯಲ್ಲೇ ಇದ್ದೆ, ಅವನನ್ನು ತಡೆಯುವಷ್ಟರಲ್ಲಿ ಒಳಗೆ ಬಂದು ಅವಳ ಮುಂದೆ ಕುಸಿದು ಕೂತ.

"ಅತ್ಗೆ, ಕಡೇಗಂಟ ನಿಮ್ಮುನ್ನೇ ಕೇಳಿದ್ಲು. ನೀವು ಮಾತಾಡಾಂಗಿಲ್ಲ ಅಂತ ನಾನೇ ಸಮಾಧಾನ ಮಾಡ್ದೆ. ಅಕ್ಕನ ಕಣ್ಣು ಚೆನ್ನಾಗಾಗ್ಲಿ, ಬ್ಯಾಡ ಬಿಡಿ ಅಂದ್ಲು."

ಅತ್ತೆ ಅವನ ಮುಖವನ್ನೇ ನೋಡಿದಳು. ಗಡ್ಡ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಏನನ್ನೂ ಹೇಳಬೇಕಾಗಲಿಲ್ಲ.

"ಯಾವತ್ತು?"

"ಸುಕ್ರವಾರ" ಎಂದ ಅವನು, ಏನೂ ತಿಳಿಯದೆ ಇಬ್ಬರನ್ನೂ ನೋಡುತ್ತಾ.

ಅತ್ತೆ ಬೆರಳು ಮಡಿಸಿ ಎಣಿಸಿದಳು. ಅಳಲಿಲ್ಲ, ಕೂಗಲಿಲ್ಲ. "ಮೊಸರನ್ನ ತಿಂದೆ ನಾನು, ಅವತ್ತು" ಎಂದಳು. ಉಟ್ಟ ಸೀರೆಯಲ್ಲೇ, ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದಳು.

ನಾನು ಹಿಂದೆಯೇ ಓಡಿದೆ. ಅತ್ತೆ, ಕಣ್ಣೊಳಗೆ ಗಾಳಿ ಐತೆ, ಮಲೆಗೆ ಬ್ಯಾಡ, ನಿಮ್ ಕಾಲಿಗೆ ಬೀಳ್ತೀನಿ ಅಂತ ದಾರಿಯುದ್ದಕ್ಕೂ ಅಂದೆ. ಅವಳು ನಡೆಯುತ್ತಲೇ ಇದ್ದಳು. ಬಸ್ ನಿಲ್ದಾಣದಲ್ಲಿ ಏರ್ಕಾಡಿನ ಬಸ್ಸು ಹೊರಡುತ್ತಿತ್ತು. ಹತ್ತಿದಳು, ನಾನೂ ಹತ್ತಿದೆ. ಅವಳ ಪಕ್ಕ ಕೂರುವ ಧೈರ್ಯವಾಗದೆ ಹಿಂದಿನ ಸೀಟಿನ ಕಂಬಿ ಹಿಡಿದು ನಿಂತೆ. ನಿಂತರೂ ನಿಲ್ಲಲಾಗದು. ಕಂಡಕ್ಟರ್ ಎರಡು ಸಲ ಕೂತ್ಕೋಮ್ಮಾ ಎಂದು ಗದರಿದ. ಊರು ದಾಟಿತು. ಎದುರಿಗೆ ಮಲೆ ದೊಡ್ಡದಾಗುತ್ತಾ ಬಂತು. ನನಗೆ ಅವಳ ಎಡಗಣ್ಣೊಂದೇ ಕಾಣುತ್ತಿತ್ತು. ಇನ್ನೇನು ತಿರುವು ಶುರುವಾಗುತ್ತೆ, ಇನ್ನೇನು ಹಿಗ್ಗುತ್ತೆ... ಡ್ರೈವರನಿಗೆ ಹೇಳಿ ನಿಲ್ಲಿಸಲೇ, ಕೂಗಲೇ ಎಂದು ಬಾಯಿ ತೆರೆಯುವುದು, ಮುಚ್ಚುವುದು.

ಅಡಿವಾರದಲ್ಲಿ, ಮಲೆಯ ಬುಡದಲ್ಲಿ, ಬಸ್ಸು ಒಂದು ನಿಮಿಷ ನಿಂತಿತು. ಅತ್ತೆ ಎದ್ದಳು. ಯಾರನ್ನೂ ನೋಡದೆ ಇಳಿದುಬಿಟ್ಟಳು. ಬಸ್ಸು ನಮ್ಮನ್ನು ಬಿಟ್ಟು ಮೇಲಕ್ಕೆ ಹೋಯಿತು.

ರಸ್ತೆಯ ಪಕ್ಕದ ಹುಣಸೆಮರದ ಬುಡದಲ್ಲಿ ಮಲೆಗೆ ಮುಖ ಮಾಡಿ ಕೂತಳು. ನಾನು ಸ್ವಲ್ಪ ದೂರದಲ್ಲಿ ನಿಂತೆ. ಅವಳು ಮುಖ ತಿರುಗಿಸದೆಯೇ ಹೇಳಿದಳು.

"ಮೇಲಕ್ಕೋಗಿ ಯಾರನ್ನ ನೋಡ್ಲಿ? ನೋಡಕ್ಕೆ ಮುಖ ಇದ್ದಾಗ ನೀನು ಬಿಡ್ಲಿಲ್ಲ."

"ಕಣ್ಣು ಹೋಗ್ತಿತ್ತು ಅತ್ತೆ..."

"ನನ್ ಕಿವಿಗೇನಾಗಿತ್ತೇ?"

ಸೆರಗನ್ನು ಮುಖದ ಹತ್ತಿರ ತಂದವಳು ತಟ್ಟನೆ ನಿಲ್ಲಿಸಿ ಕೇಳಿದಳು, "ಅತ್ರೆ ಕಣ್ಗೇನಾದ್ರೂ ಆಗ್ತದಾ? ಅದ್ನೂ ಡಾಕ್ಟ್ರನ್ನ ಕೇಳಿದೀಯಾ?"

ಏನೂ ಆಗಲ್ಲ ಎಂದು ನಾನು ತಲೆ ಅಲ್ಲಾಡಿಸಿದೆ. ಆಮೇಲೆ ಅತ್ತಳು. ಹೊತ್ತು ಇಳಿಯುವವರೆಗೆ ಅಲ್ಲೇ ಇದ್ದೆವು.

ಗಾಳಿ ಕರಗುವವರೆಗೆ ಅವಳು ಪಕ್ಕದ ಮನೆಯಲ್ಲೇ ಇದ್ದಳು. ಔಷಧಿಯನ್ನು ತಾನೇ ಹಾಕಿಕೊಂಡಳು. ನಾನು ಇಟ್ಟು ಬಂದ ಅನ್ನವನ್ನು ತಿಂದು, ಪಾತ್ರೆ ತೊಳೆದು, ನಮ್ಮ ಜಗಲಿಯ ಮೇಲಿಡುತ್ತಿದ್ದಳು. ಡಾಕ್ಟರು ಇನ್ನು ಎಲ್ಲಿಗೆ ಬೇಕಾದರೂ ಹೋಗಿ ಎಂದ ಮರುದಿನವೇ ಮನೆ ಖಾಲಿ ಮಾಡಿ ಮಲೆ ಹತ್ತಿದಳು, ತಾಯಿಯಿಲ್ಲದ ಆ ಹುಡುಗಿಯನ್ನು ನೋಡಿಕೊಳ್ಳಲು. ಹೊರಡುವಾಗ ನಮ್ಮ ಬಾಗಿಲಲ್ಲಿ ನಿಂತು ಬಲಗಣ್ಣು ಮುಚ್ಚಿ ನನ್ನ ಮುಖ ನೋಡಿದಳು. "ಚೆನ್ನಾಗ್ ಕಾಣ್ತೈತೆ" ಎಂದಳು. ಅಷ್ಟೇ. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಹಿಂದೆ ಹೋಗಿ ಕಾಡಿ ಬೇಡಿ ಏನಾದರೂ ಮಾಡುತ್ತಿದ್ದೆನೇನೋ.

ನಾಲ್ಕು ವರ್ಷದ ಮೇಲೆ ಆ ಹುಡುಗಿ ಒಂದು ದಿನ ಫೋನ್ ಮಾಡಿದಳು. ದೊಡ್ಡಮ್ಮನ ಬಲಗಣ್ಣಿನಲ್ಲೂ ಓಟೆ ಬಿದ್ದಿದೆ, ಆಪರೇಷನ್ ಬೇಡ ಅಂತಾಳೆ, ನೀವಾದರೂ ಹೇಳಿ ಎಂದು ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ನಾನು ಏನೇನೋ ಹೇಳಿದೆ. ಬೇಗ ಮಾಡಿಸಿದರೆ ಕೂಡುತ್ತೆ, ಈ ಸಲ ನಾನು ಬರುವುದಿಲ್ಲ, ಬೇರೆಯವರನ್ನು ಇಟ್ಟುಕೊಳ್ಳಿ ಎಂದೂ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಒಂದು ಕಣ್ಗೆ ನನ್ ತಂಗೀನ ಕೊಟ್ಟೆ" ಎಂದಳು. "ಇನ್ನೊಂದ್ಕೆ ಕೊಡಕ್ಕೆ ನಂಗ್ಯಾರವ್ರೆ? ಈ ಮಗು ಒಂದೈತೆ. ಇದ್ನ ಕೊಡಲ್ಲ."

ಆ ಕಣ್ಣನ್ನು ಹಾಗೇ ಬಿಟ್ಟಳು. ಎಡಗಣ್ಣಿನಲ್ಲೇ ಅಡುಗೆ ಮಾಡಿದಳು, ಹುಡುಗಿಯ ಜಡೆ ಹೆಣೆದಳು, ಅವಳನ್ನು ಓದಿಸಿದಳು, ಮದುವೆ ಮಾಡಿದಳು. ಮದುವೆಗೆ ನನಗೆ ಪತ್ರಿಕೆ ಬಂದಿತ್ತು. ನಾನು ಹೊಸ ಸೀರೆಯನ್ನೂ ಉಟ್ಟು, ಹೊರಟು, ಬಸ್ ನಿಲ್ದಾಣದವರೆಗೆ ಹೋಗಿ ತಿರುಗಿ ಬಂದೆ.

ಹೋದ ವರ್ಷ ಒಂದು ಬೆಳಿಗ್ಗೆ ಅದೇ ಹುಡುಗಿಯ ಫೋನು. ಅಳುತ್ತಿರಲಿಲ್ಲ, ಆದರೆ ಮಾತು ಅವಸರದಲ್ಲಿತ್ತು. ತಮಿಳೂ ಕನ್ನಡವೂ ಬೆರೆತು, ದೊಡ್ಡಮ್ಮ ಹೋಗಿ ಪೆರಿಯಮ್ಮ ಆಗಿತ್ತು.

"ಪೆರಿಯಮ್ಮಗೆ ಪ್ರಜ್ಞೆ ತಪ್ಪಿ ತಪ್ಪಿ ಓಗ್ತಾ ಐತೆ. ಇವತ್ತು ದಾಟಲ್ಲ ಅಂತಾರೆ. ಉಡನೇ, ಈಗ್ಲೇ ಬನ್ನಿ. ನಿಮ್ಗೆ ಹೇಳ್ಬೇಕು ಅಂತ ಪೆರಿಯಮ್ಮ ಯಾವಾಗ್ಲೋ ಹೇಳಿಟ್ಟಿದ್ರು. ಇದ್ದಾಗ್ಲೇ ಹೇಳು, ಓದ್ಮೇಲೆ ಹೇಳ್ಬೇಡ ಅಂತ."

ನಾನು ಉಟ್ಟ ಸೀರೆಯಲ್ಲೇ ಹೊರಟೆ. ಇಪ್ಪತ್ತು ತಿರುವುಗಳು, ಒಂದೊಂದನ್ನೂ ಎಣಿಸಿದೆ. ನಾನು ಹೋದಾಗ ಅತ್ತೆಗೆ ಇನ್ನೂ ಉಸಿರಿತ್ತು. ಮಾತಿರಲಿಲ್ಲ. ಅವಳ ಕೈ ಹಿಡಿದು ಕೂತೆ. ಎಷ್ಟೋ ಸಾವಿರ ಎಳೆ ಹೊಸೆದು ನುಣುಪಾಗಿದ್ದ ಬೆರಳುಗಳು. ಅವಳ ಕಿವಿಯ ಹತ್ತಿರ ಬಗ್ಗಿ, ಇಷ್ಟು ವರ್ಷ ಬಾಯಿಗೆ ಬಾರದ್ದನ್ನೆಲ್ಲ ಹೇಳಿದೆ. ಮಧ್ಯೆ ಒಂದು ಸಲ ಎಡಗಣ್ಣು ತೆರೆಯಿತು. ನನ್ನನ್ನು ನೋಡಿದಳೋ, ಬರೀ ತೆರೆಯಿತೋ, ಗೊತ್ತಿಲ್ಲ. ಹುಡುಗಿ ಮಾತ್ರ, "ನೋಡಿದ್ರು, ನೋಡಿದ್ರು" ಎಂದಳು. ಮೂರು ಗಂಟೆ ಹಾಗೇ ಇದ್ದು, ಹೋದಳು.

ಆ ಮೂರು ಗಂಟೆ ಅವಳು ನನಗೆ ಕೊಟ್ಟು ಹೋದದ್ದು. ಅವಳ ತಂಗಿಯ ವಿಷಯದಲ್ಲಿ ನಾನು ಅವಳಿಗೆ ಕೊಡದೇ ಇದ್ದದ್ದು. ಕ್ಷಮಿಸಿದಳು ಅಂತ ನಾನು ಹೇಳಲಾರೆ. ಹಾಗಂದುಕೊಂಡರೆ ನನಗೆ ಸುಲಭವಾಗುತ್ತೆ, ಅದಕ್ಕೇ ಅಂದುಕೊಳ್ಳುವುದಿಲ್ಲ.

"ಅಮ್ಮಾ, ಇಳೀತೀಯಾ ಇಲ್ವಾ?" ಎಂದು ಮಗಳು ಕೂಗಿದಾಗ ಏಣಿಯಿಂದ ಇಳಿದೆ. ಅವಳನ್ನು ಕೂರಿಸಿ ಹೇಳಿದೆ. ಮುಂದೆ ಎಂದಾದರೂ ನನ್ನ ಕಣ್ಣಿಗೂ ಅದೇ ಆಪರೇಷನ್ ಆಗಿ, ನಾನು ಮುಖ ಕೆಳಗೆ ಮಾಡಿ ಮಲಗಿದ್ದಾಗ, ಯಾವ ಫೋನು ಬಂದರೂ ನನ್ನ ಕಿವಿಗೆ ಇಡಬೇಕು. ಎಂಥ ಸುದ್ದಿಯಾದರೂ ಸರಿ. ನಾನು ಎದ್ದರೆ ಎದ್ದೆ, ಕಣ್ಣು ಹೋದರೆ ಹೋಗಲಿ. ಮಗಳು ನನ್ನ ಮುಖವನ್ನೇ ನೋಡಿ, "ಯಾರ್ಮಾ ಅಪ್ಪಡಿ ಫೋನ್ ಪಣ್ಣಪೋರಾಂಗ?" ಎಂದಳು. ಯಾರು ಹಾಗೆ ಫೋನ್ ಮಾಡುತ್ತಾರೆ ನಿನಗೆ?

ನಿಜ, ಯಾರೂ ಇಲ್ಲ. ನಾನೇ ಒಂದು ಫೋನ್ ಮಾಡಬೇಕಿತ್ತು. ಆ ಏಳು ದಿನವನ್ನು ಹೇಗೆ ಕಳೆದಿರಿ, ಕುತ್ತಿಗೆ ನೋವಿಗೆ ಏನು ಮಾಡಿದಿರಿ, ಎರಡನೆಯ ದಿನ ಕಾಲನ್ನು ಹೇಗೆ ಹಿಡಿದಿಟ್ಟುಕೊಂಡಿರಿ ಎಂದು ಅತ್ತೆಯನ್ನು ಕೇಳಬೇಕಿತ್ತು. ಅದನ್ನು ಬಲ್ಲವಳು ಒಬ್ಬಳೇ. ಅವಳ ನಂಬರು ಇನ್ನೂ ನನ್ನ ಫೋನಿನಲ್ಲಿದೆ. ನಿನ್ನೆ ಮಧ್ಯಾಹ್ನ ತಡೆಯಲಾರದೆ ಒತ್ತಿಯೂ ಬಿಟ್ಟೆ. ಆ ನಂಬರು ಬಳಕೆಯಲ್ಲಿಲ್ಲ ಎಂದು ತಮಿಳಿನಲ್ಲಿ ಒಂದು ಹೆಣ್ಣುದನಿ ಹೇಳಿತು. ನಾನು ಪೂರ್ತಿ ಕೇಳಿಸಿಕೊಂಡೆ.